ಹದಿನೇಳನೇ ಸೈಟಿನ ಅಡುಗೆಮನೆ

ಮಂಜೂರಾತಿ ಕಚೇರಿಯಿಂದ ನಕ್ಷೆ ವಾಪಸು ಬಂದ ದಿನ ಯಜಮಾನರು ಮೊದಲು ಬೈದದ್ದು ಕಪ್ಪೆಗಳನ್ನು. ಆಮೇಲೆ ಸರ್ಕಾರವನ್ನು, ಆಮೇಲೆ ಜೊಂಡುಹುಲ್ಲನ್ನು, ಕಡೆಗೆ ಸ್ಕೇಲಕ್ಕನನ್ನು. ಸ್ಕೇಲಕ್ಕ ಎಂದರೆ ಆ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆ, ರಸ್ತೆ, ಚರಂಡಿಗಳ ನಕ್ಷೆ ಬರೆಯುತ್ತಿದ್ದ ಹೆಂಗಸು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೂ ಒಂದಡಿಯ ಹಳೇ ಸ್ಟೀಲ್ ಸ್ಕೇಲನ್ನು ಕೈಯಿಂದ ಬಿಡದ್ದಕ್ಕೆ ಆ ಹೆಸರು. ಇಟ್ಟವರು ಯಾರೋ, ಈಗ ಕಾವಲುಗಾರನಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ. ಆ ಮೂರು ಮಹಡಿಯ ಕಟ್ಟಡದಲ್ಲಿ ನೆಟ್ಟಗಿದ್ದದ್ದು ಆ ಸ್ಕೇಲೊಂದೇ ಎಂಬುದು ಅವಳ ಅಭಿಪ್ರಾಯ.

ನಕ್ಷೆ ವಾಪಸು ಬಂದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ನೂರಾ ಹನ್ನೆರಡು ಮನೆಗಳ ಬಡಾವಣೆ. ಜಾಗದ ಒಂದು ಮಗ್ಗುಲಿಗೆ ಯಾವ ಕಾಲದಿಂದಲೋ ಇರುವ ಜೌಗು. ಅಲ್ಲಿ ಜೊಂಡು ಬೆಳೆಯುತ್ತಿತ್ತು, ನೀರುಕೋಳಿಗಳು ಮರಿ ಮಾಡುತ್ತಿದ್ದವು, ಊರಿನ ಅರ್ಧ ಮಳೆನೀರು ಸದ್ದಿಲ್ಲದೆ ಹೋಗಿ ಇಂಗುತ್ತಿತ್ತು. ಅದನ್ನು 'ಸ್ವಲ್ಪ ತಗ್ಗಾದ ಜಾಗ' ಎಂದು ಬರೆಸಿ, ಮಣ್ಣು ತುಂಬಿಸಿ ಮೇಲೆ ನಲವತ್ತು ಚಿಲ್ಲರೆ ಮನೆ ಕೂರಿಸಬಹುದೆಂದು ಹೊಳೆದದ್ದು ಯಜಮಾನರ ತಲೆಗೆ. ಕೂರಿಸಿದ್ದು ಸ್ಕೇಲಕ್ಕನ ಕೈ. "ಹೇಳಿದ್ದನ್ನ ಬರೆಯೋದಷ್ಟೇ ನನ್ನ ಕೆಲಸ" ಎಂದು ಆಗ ಅವಳು ಅಂದಿದ್ದಳು, ಹಾಗಂದು ಕೈ ತೊಳೆದುಕೊಂಡಿದ್ದಳು.

ವಾಪಸು ಪತ್ರ ಹದಿನಾಲ್ಕು ಪುಟವಿತ್ತು. ಯಜಮಾನರು ಯಾವ ಪತ್ರವನ್ನೂ ಎರಡನೇ ಪುಟ ದಾಟಿ ಓದಿದವರಲ್ಲ. ಓದುವುದು ಸಂಬಳಕ್ಕಿರುವವರ ಕೆಲಸ ಎಂದು ತಿಳಿದವರು. ಎರಡು ಪುಟದಲ್ಲಿ ಅವರಿಗೆ ಗೊತ್ತಾದದ್ದು ಇಷ್ಟು: ಹಿಂದಿನ ಅಳತೆ ಕಡುಬೇಸಿಗೆಯಲ್ಲಿ ಆದದ್ದು, ನಡೆಯುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಹೊಸದಾಗಿ ಅಳೆದು, ಜೌಗಿನ ಅಂಚಿನಿಂದ ಮೂವತ್ತು ಮೀಟರ್ ಬಿಟ್ಟು ನಕ್ಷೆ ತಿದ್ದಬೇಕು. ಅಂಚು ಎಂದರೆ ನಿಂತ ನೀರಿನ ಅಂಚಲ್ಲ, ನೆಲ ಒದ್ದೆ ಇರುವಷ್ಟೂ ಜೌಗೇ ಎಂದು ಒಂಬತ್ತನೇ ಪುಟದಲ್ಲಿ ಬರೆದಿತ್ತು. ಅದನ್ನು ಓದಿದವಳು ಸ್ಕೇಲಕ್ಕ ಒಬ್ಬಳೇ. ಹೇಳಲು ಬಾಯಿ ತೆರೆದಳು.

"ನೀರು ಎಲ್ಲಿದೆಯೋ ಅಲ್ಲಿ ಅಂಚು," ಎಂದರು ಯಜಮಾನರು. "ಅಷ್ಟೂ ಗೊತ್ತಾಗಲ್ವಾ ನಮಗೆ? ನೀವು ಗೆರೆ ಎಳೆಯೋದು ನೋಡಿ ಸ್ಕೇಲಕ್ಕ, ಕಾನೂನು ನನಗೆ ಬಿಡಿ."

ಬಿಟ್ಟಳು. ಮೂರ್ಖರಿಗೆ ಎರಡನೇ ಸಲ ಹೇಳುವ ಚಟ ಅವಳಿಗಿರಲಿಲ್ಲ.

ಆದರೆ ಈ ಸಲ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಅವಳಿಗೂ ಬೇಕಾದ ಸಂಗತಿಯೇ ಆಗಿತ್ತು. ಜೌಗಿನ ಕಡೆಯ ಮೊದಲ ಸಾಲಿನ ಹದಿನೇಳನೇ ಸೈಟು ಅವಳ ಅಣ್ಣನದು. ಕಂಪನಿಯವರ ಮನೆಮಂದಿಗೆ ಎಂದು ತೆಗೆದಿಟ್ಟ ಸೈಟುಗಳಲ್ಲಿ ಅದೊಂದನ್ನು ಅವಳೇ ಹಲ್ಲು ಕಿರಿದು ಕೊಡಿಸಿದ್ದಳು. ಅಣ್ಣ, ಅತ್ತಿಗೆ ಅಲ್ಲಿಗೆ ಹೋದ ದಿನ ಈಗಿರುವ ಹಳೇ ಮನೆ ಅವಳದಾಗುತ್ತದೆ ಎಂದು ಅಣ್ಣ ಊಟದ ಮೇಜಿನ ಮುಂದೆ, ಅತ್ತಿಗೆ ಕೇಳುವ ಹಾಗೆ, ಮಾತು ಕೊಟ್ಟಿದ್ದ. ಹನ್ನೊಂದು ವರ್ಷದಿಂದ ಅವಳಿದ್ದದ್ದು ಆ ಮನೆಯ ಹಿಂದಿನ ಕೋಣೆಯಲ್ಲಿ. ಅದಕ್ಕೊಂದೇ ಕಿಟಕಿ. ತೆರೆದರೆ ಪಾತ್ರೆ ತೊಳೆಯುವ ಕಟ್ಟೆ, ನಲ್ಲಿ, ಪಕ್ಕದ ಮನೆಯ ಗೋಡೆ. ಮುಂದಿನ ಕೋಣೆಗೆ ಎರಡು ಕಿಟಕಿ, ಎರಡಕ್ಕೂ ಬೆಳಿಗ್ಗೆಯ ಬಿಸಿಲು. ಅಲ್ಲಿ ತನ್ನ ಮೇಜು ಎಲ್ಲಿ ಬರಬೇಕು, ಮಂಚ ಎಲ್ಲಿ ಬರಬೇಕು ಎಂದು ಅವಳು ಇಂಚು ಇಂಚಾಗಿ ಬರೆದಿಟ್ಟಿದ್ದಳು. ಪ್ರಪಂಚದಲ್ಲಿ ಅವಳು ತನಗೆಂದು ಬರೆದುಕೊಂಡ ನಕ್ಷೆ ಅದೊಂದೇ.

ಹೊಸ ಅಳತೆಗೆ ಹೋದವನು ಬಿಳಿ ಶೂ. ಕಂಪನಿಯ ಸರ್ವೇಯರ್. ಧೂಳು, ಕೆಸರು, ಮುಳ್ಳಿನ ನಡುವೆಯೇ ಹೊಟ್ಟೆ ಹೊರೆಯುವ ಆ ಮನುಷ್ಯ ಅದೇಕೋ ಹಾಲಿನಂಥ ಬಿಳಿ ಶೂ ಹಾಕಿಕೊಂಡೇ ಓಡಾಡುತ್ತಿದ್ದ. ಜೇಬಿನಲ್ಲಿ ಒಂದು ಬಟ್ಟೆ ಚೂರು ಇರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಮೊದಲು ಬಗ್ಗಿ ಶೂ ಒರೆಸಿ, ಆಮೇಲೆ ಉತ್ತರ ಹೇಳುವವನು. ಅವನ ಅಳತೆಗಳನ್ನು ನಕ್ಷೆಗಿಳಿಸುವಾಗ ಸ್ಕೇಲಕ್ಕನಿಗೆ ಎಲ್ಲಿ ಹಳ್ಳ ಬಂತು, ಎಲ್ಲಿ ಸಗಣಿ ಬಂತು ಎಂದು ಗೊತ್ತಾಗಿಬಿಡುತ್ತಿತ್ತು. ಅಲ್ಲೆಲ್ಲ ಗೆರೆ ಮರ್ಯಾದಸ್ಥರ ಹಾಗೆ ಸುತ್ತು ಹಾಕಿ ಹೋಗುತ್ತಿತ್ತು.

"ನೀರಿನವರೆಗೂ ಇಳಿದು ಗೂಟ ಹೊಡಿಯಪ್ಪಾ," ಎಂದು ಯಜಮಾನರು ಅವನ ಹೆಗಲು ತಟ್ಟಿ ಕಳಿಸಿದರು. "ಎಷ್ಟು ಒಳಗೆ ಹೋಗ್ತೀಯೋ ಅಷ್ಟು ನಮಗೆ ಒಳ್ಳೇದು."

ಅವನು ಎರಡು ದಿನದಲ್ಲಿ ಎಂಬತ್ತಾರು ಗೂಟ ಹೊಡೆದು ಬಂದ. ಶೂ ಹೋದಾಗ ಹೇಗಿತ್ತೋ ಹಾಗೇ ಇತ್ತು. "ಮೊಣಕಾಲು ಮಟ್ಟ ಇಳಿದಿದೀನಿ ಸರ್. ಒಂದೊಂದು ಗೂಟಕ್ಕೂ ನಾನೇ," ಎಂದ. ಯಜಮಾನರು ಅವನ ಮುಖ ನೋಡಿದರೇ ಹೊರತು ಕಾಲು ನೋಡಲಿಲ್ಲ. ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತೇನೋ. ಆದರೆ ಅವರಿಗೆ ಅವಸರ. ಗೂಟಗಳ ಅಳತೆ ಅಂಕಿಗಳ ಪಟ್ಟಿಯನ್ನು ನಕ್ಷೆಯ ಮೇಲೆ ಇಳಿಸಿ ನೋಡುವ ಮೊದಲೇ, 'ಪ್ರತಿ ಗೂಟವನ್ನೂ ಖುದ್ದು ಜೌಗಿಗೆ ಇಳಿದು ನೆಟ್ಟಿದ್ದೇನೆ' ಎಂದು ಬಿಳಿ ಶೂ ಕೈಯಲ್ಲಿ ಪ್ರಮಾಣಪತ್ರ ಬರೆಸಿ, ಎರಡನ್ನೂ ಮಂಜೂರಾತಿ ಕಚೇರಿಗೆ ಕಳಿಸಿ ರಸೀದಿ ತರಿಸಿಕೊಂಡುಬಿಟ್ಟರು. "ನಕ್ಷೆ ಆಮೇಲೆ ಆಗುತ್ತೆ. ಮೊದಲು ಬಾಯಿ ಮುಚ್ಚಿಸಬೇಕು," ಎಂದು ಮೀಸೆ ತಿರುವಿದರು.

ಮರುದಿನ ಸ್ಕೇಲಕ್ಕ ಆ ಎಂಬತ್ತಾರು ಗೂಟಗಳನ್ನು ಒಂದೊಂದಾಗಿ ನಕ್ಷೆಗಿಳಿಸಿದಳು. ಇಪ್ಪತ್ತನೇ ಗೂಟಕ್ಕೇ ಅವಳ ಕೈ ನಿಧಾನವಾಯಿತು. ಗೆರೆ ನೀರಿನ ಹತ್ತಿರ ಸುಳಿಯುವ ಮಾತೇ ಇರಲಿಲ್ಲ. ಮನೆಗಳ ಮೊದಲ ಸಾಲನ್ನು ನುಂಗಿ, ಎರಡನೆಯದನ್ನು ನುಂಗಿ, ಆಟದ ಮೈದಾನ ಬಳಸಿ ಬಂದು ನಿಂತಿತು. ಅದರಿಂದ ಮೂವತ್ತು ಮೀಟರ್ ಬಿಟ್ಟರೆ ನಲವತ್ತೊಂದು ಮನೆ ಹೋಗುತ್ತಿದ್ದವು. ಹದಿನೇಳನೆಯದು ಗೆರೆಯ ಒಳಗೇ, ಜೌಗಿನ ಹೊಟ್ಟೆಯಲ್ಲೇ ಇತ್ತು. ಅಷ್ಟು ಸಾಲದೆಂದು ಯಜಮಾನರ ಮಾದರಿ ಮನೆಯೂ ಹೋಗುತ್ತಿತ್ತು. ಅನುಮತಿ ಬರುವ ಮೊದಲೇ 'ತಾತ್ಕಾಲಿಕ' ಎಂದು ಕಟ್ಟಿಸಿ, ಮುಂದೆ ಕಾರಂಜಿ ಚಿಮ್ಮಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ ಮನೆ ಅದು. ಅದರ ಹಿಂದಿನ ಮೂಲೆಯಲ್ಲಿ ಆಗಲೇ ಬಿರುಕು ಬಿಟ್ಟಿತ್ತು, ಬಿರುಕಿಗೆ ಒಂದು ಹೂವಿನ ಕುಂಡ ಅಡ್ಡ ಇಟ್ಟಿದ್ದರು.

ಸ್ಕೇಲಕ್ಕನಿಗೆ ಆದದ್ದು ಒಂದು ಕ್ಷಣದಲ್ಲಿ ಅರ್ಥವಾಯಿತು. ಬಿಳಿ ಶೂ ಎಲ್ಲೂ ಇಳಿದಿಲ್ಲ. ಶೂ ಒದ್ದೆಯಾಗದ ಕೊನೆಯ ಜಾಗದಲ್ಲಿ ನಿಂತು ಗೂಟ ಹೊಡೆದು, ಬಗ್ಗಿ ಒರೆಸಿಕೊಂಡು, ಮುಂದಿನ ಗೂಟಕ್ಕೆ ಹೋಗಿದ್ದಾನೆ. ಅವಳು ಆ ನಕ್ಷೆಯನ್ನು ನೋಡಿ ನಕ್ಕಳು. ಆಮೇಲೆ ಹದಿನೇಳನೇ ಸೈಟನ್ನು ನೋಡಿದಳು, ನಗು ನಿಂತಿತು.

ಯಜಮಾನರು ನಕ್ಷೆ ನೋಡಿ ಇಂಗು ತಿಂದ ಮಂಗನ ಹಾಗಾದರು. ಬಿಳಿ ಶೂವನ್ನು ಕರೆಸಿ ಬಾಗಿಲು ಹಾಕಿಕೊಂಡು ಕಿರುಚಾಡಿದರು. ಅವನು ಒಂದೇ ಮಾತು ಹಿಡಿದು ಕೂತ: "ಇಳಿದಿದೀನಿ ಸರ್. ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದೀನಲ್ಲ ಸರ್." ಇಳಿದಿಲ್ಲ ಎಂದರೆ ಸುಳ್ಳು ಪ್ರಮಾಣ, ಲೈಸೆನ್ಸು ಹೋಗುತ್ತದೆ. ಯಜಮಾನರ ಹೆಸರೂ ಅದರ ಹಿಂದೆಯೇ ಹೋಗುತ್ತದೆ. ಇದು ಅವರಿಗೆ ತಡವಾಗಿ ಹೊಳೆಯಿತು. ಹೊಳೆದ ಮೇಲೆ ಅವರು ಕಿರುಚುವುದನ್ನು ಬಿಟ್ಟು ಸ್ಕೇಲಕ್ಕನ ಮೇಜಿನ ಹತ್ತಿರ ಬಂದು, ಎಂದೂ ಕೂರದವರು, ಕುರ್ಚಿ ಎಳೆದು ಕೂತರು.

"ನೋಡಿ ಸ್ಕೇಲಕ್ಕ. ನೀವು ನಮ್ಮ ಮನೆಯವರ ಹಾಗೆ. ಗೂಟ ಸರಿಯಾಗೇ ಹೊಡೆದಿದ್ದಾನೆ, ಪಟ್ಟಿ ಟೈಪ್ ಮಾಡುವಾಗ ನಿಮ್ಮ ಕಡೆಯಿಂದ ಅಂಕಿ ತಪ್ಪಿದೆ. ಇಷ್ಟು ಒಂದು ಪತ್ರ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಾನು ಟೈಪ್ ಮಾಡಿಲ್ಲ ಸರ್. ಅಂಕಿನೂ ತಪ್ಪಿಲ್ಲ."

"ಅದು ನನಗೂ ಗೊತ್ತು, ನಿಮಗೂ ಗೊತ್ತು. ಮನುಷ್ಯರಂದ ಮೇಲೆ ತಪ್ಪು ಮಾಡಬಾರದಾ? ನಿಮ್ಮ ಅಣ್ಣನ ಸೈಟೂ ಉಳಿಯುತ್ತೆ. ಯೋಚನೆ ಮಾಡಿ."

ಅವರು ಬರೆಸಿ ತಂದಿದ್ದ ಪತ್ರ ಮೇಜಿನ ಮೇಲೇ ಬಿದ್ದಿತ್ತು. 'ನನ್ನ ಅಜಾಗರೂಕತೆಯಿಂದ' ಎಂದು ಶುರುವಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ನಕ್ಷೆಯಲ್ಲಿ ಒಂದು ಬಾಗಿಲು ಆಚೀಚೆ ಆದದ್ದಿಲ್ಲ. ಕಾಲು ನೆನೆಸದ ಸೋಮಾರಿ, ಪತ್ರ ಓದದ ದಡ್ಡ, ಇಬ್ಬರೂ ಸೇರಿ ಮಾಡಿದ ಹೊಲಸಿಗೆ ಅಜಾಗರೂಕತೆ ತನ್ನದು! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಪತ್ರವನ್ನು ಹರಿಯಲಿಲ್ಲ. ಎರಡು ಕಿಟಕಿಯ ಕೋಣೆ ಕಣ್ಣ ಮುಂದೆ ಇತ್ತು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅವಳು ಜೌಗಿಗೆ ಹೋದಳು. ಬಿಳಿ ಶೂ ಎಷ್ಟು ದೂರದಲ್ಲಿ ನಿಂತು ಗೂಟ ಹೊಡೆದಿದ್ದಾನೆಂದು ಕಣ್ಣಾರೆ ನೋಡಿ ಬರಬೇಕು. ನೆಲ ಒಣಗಿದ್ದರೆ ಗೆರೆ ತಪ್ಪೇ ತಪ್ಪು. ತಪ್ಪು ಗೆರೆ ತಿದ್ದಲು ಒಂದು ಸುಳ್ಳು ಪತ್ರವಾದರೂ ಮನಸ್ಸು ಅಷ್ಟು ಚುಚ್ಚುವುದಿಲ್ಲ. ಅದು ಅವಳ ಲೆಕ್ಕಾಚಾರ. ಅದರ ಜೊತೆಗೆ ಆ ಮನುಷ್ಯನನ್ನು ಇನ್ನಷ್ಟು ತಾತ್ಸಾರ ಮಾಡುವ ಸುಖವೂ ಇತ್ತು.

ಕೆಂಪು ಬಣ್ಣ ಬಳಿದ ಗೂಟಗಳು ಹುಲ್ಲಿನ ನಡುವೆ ಸಾಲಾಗಿ ನಿಂತಿದ್ದವು. ಆಚೆಗೆ ಹಸಿರು ಹುಲ್ಲು ಹಾಸಿದ ಹಾಗಿತ್ತು, ಅದರಾಚೆ ಜೊಂಡು, ನೀರು ಇನ್ನೂ ಎಷ್ಟೋ ದೂರ. ನೋಡಿದರೆ ಚೆಂಡಾಡಬಹುದಾದ ಬಯಲು. "ಕಳ್ಳ," ಎಂದುಕೊಂಡು ಅವಳು ಗೂಟ ದಾಟಿ ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆಗೆ ಹುಲ್ಲು ಕೆಳಗಿಳಿಯಿತು, ಪಾದ ಮುಳುಗಿತು, ಹೆಜ್ಜೆ ಗುರುತಿನಲ್ಲಿ ಕಂದು ನೀರು ಮೆಲ್ಲಗೆ ತುಂಬಿಕೊಂಡಿತು. ಅವಳು ಕಾಲೆಳೆದುಕೊಂಡು ಮುಂದಿನ ಗೂಟಕ್ಕೆ ಹೋಗಿ ನೋಡಿದಳು. ಅಲ್ಲೂ ಅದೇ. ಹತ್ತು ಗೂಟ ನೋಡಿದಳು. ಗೂಟದ ಈಚೆ ಗಟ್ಟಿ ನೆಲ, ಆಚೆ ಎರಡು ಮೂರು ಹೆಜ್ಜೆಗೆ ಕೆಸರು. ಒಂಬತ್ತನೇ ಪುಟದಲ್ಲಿ ಹೇಳಿದ ಅಂಚು ಇದೇ. ಅದನ್ನು ಓದದವನು, ಶೂ ಉಳಿಸಿಕೊಳ್ಳಲು ಹೋಗಿ, ನಾಲ್ಕು ಹೆಜ್ಜೆ ಆಚೀಚೆ ಆಗದ ಹಾಗೆ ಗುರುತು ಮಾಡಿಟ್ಟಿದ್ದ.

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಅಂಥವನು ಸರಿ ಮಾಡಿದ್ದನ್ನು ತಾನು ಒಪ್ಪಿಕೊಳ್ಳಬೇಕಲ್ಲ!

ಆಮೇಲೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಹದಿನೇಳನೇ ಸೈಟಿಗೆ ಹೋದಳು. ನಕ್ಷೆ ಬಾಯಿಪಾಠವಾಗಿತ್ತು, ಹೆಜ್ಜೆ ಲೆಕ್ಕ ಸಾಕಿತ್ತು. ಜಗಲಿ ಬರಬೇಕಾದಲ್ಲಿ ಹಿಮ್ಮಡಿ ಮುಳುಗಿತು. ನಡುಮನೆಯಲ್ಲಿ ಮೀನಖಂಡ. ಎಡಕ್ಕೆ ತಿರುಗಿ ಅಡುಗೆಮನೆಗೆ ಹೋದಾಗ ಮೊಣಕಾಲಿನವರೆಗೆ ಇಳಿದುಬಿಟ್ಟಳು. ಕಾಲು ಕೀಳುವ ಗಡಿಬಿಡಿಯಲ್ಲಿ ಒಂದು ಚಪ್ಪಲಿ ಕೈಜಾರಿ ಬಿತ್ತು, ಹುಡುಕಿದರೆ ಸಿಗಲಿಲ್ಲ. ಅತ್ತಿಗೆಯ ಒಲೆ ಬರಬೇಕಾದ ಜಾಗದಲ್ಲಿ ಒಂದು ಕಪ್ಪೆ ಕೂತು ಅವಳನ್ನೇ ನೋಡುತ್ತಿತ್ತು. ಎಷ್ಟು ಲಾರಿ ಮಣ್ಣು ಸುರಿದರೂ ಈ ನೆಲ ಮನೆ ಹೊರುವುದಿಲ್ಲ. ಮಾದರಿ ಮನೆಯ ಹೂವಿನ ಕುಂಡ ಆಗಲೇ ಹೇಳುತ್ತಿತ್ತು. ತಾನು ಹೋದ ವರ್ಷ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಇದರ ಮೇಲೆ ನಲವತ್ತೊಂದು ಮನೆ ಬರೆದಿದ್ದೆ ಎಂದು ನೆನಪಾಗಿ, ಅವಳಿಗೆ ತನ್ನ ಮೇಲೂ ಅಷ್ಟೇ ತಾತ್ಸಾರ ಹುಟ್ಟಿತು.

ಮನೆಗೆ ಬಂದಾಗ ಅಣ್ಣ, ಅತ್ತಿಗೆ ಇಬ್ಬರೂ ಟೇಪು ಹಿಡಿದು ಬೀರು ಅಳೆಯುತ್ತಿದ್ದರು. ಹೊಸ ಮನೆಯ ಕಿಟಕಿಗೆಂದು ಹೊಲಿಸಿದ ಪರದೆಗಳು ಮಂಚದ ಮೇಲಿದ್ದವು.

"ಅಣ್ಣ, ಅಲ್ಲಿ ಮನೆ ನಿಲ್ಲಲ್ಲ. ನಾನೇ ಹೋಗಿ ನೋಡಿ ಬಂದೆ. ಪೂರಾ ಕೆಸರು."

"ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಬಂದುಬಿಟ್ಲು ಇಂಜಿನಿಯರು," ಎಂದಳು ಅತ್ತಿಗೆ ಮೂಗು ಮುರಿದು. "ಅಷ್ಟು ಜನ ದುಡ್ಡಿದ್ದೋರು ತಗೊಂಡಿದ್ದಾರೆ, ಅವರಿಗೆಲ್ಲ ಬುದ್ಧಿ ಇಲ್ವಾ?"

ಅಣ್ಣ ಟೇಪು ಸುತ್ತಿದ. "ಪುಟ್ಟೀ, ನಿಮ್ಮ ಯಜಮಾನರು ಫೋನ್ ಮಾಡಿದ್ರು. ಏನೋ ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ತಪ್ಪಾಯ್ತು ಅಂದುಬಿಟ್ರೆ ನಿನ್ನ ಗಂಟೇನು ಹೋಗುತ್ತೆ? ಈ ಮನೆ ನಿನಗೇ ತಾನೇ?"

"ಅಲ್ಲಿ ನಿಲ್ಲೋಕಾಗಲ್ಲ ಅಂತ ಹೇಳ್ತಿದೀನಲ್ಲ ಅಣ್ಣ."

"ನಿಂಗೆ ಚಿಕ್ಕಂದಿನಿಂದ ಇದೇ. ಎಲ್ಲರೂ ದಡ್ಡರು, ನೀನೊಬ್ಬಳೇ ಸರಿ."

ಅದು ಸುಳ್ಳೇನಲ್ಲವಾದ್ದರಿಂದ ಅವಳು ಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಮಂಜೂರಾತಿ ಕಚೇರಿಯಲ್ಲಿ ನಕ್ಷೆಯ ವಿಚಾರಣೆ ಬುಧವಾರ ಇತ್ತು. ಉದ್ದ ಮೇಜು, ಗೋಡೆಗೆ ಮೂರು ನಿಮಿಷ ಹಿಂದಿದ್ದ ಗಡಿಯಾರ, ಮೂಲೆಯಲ್ಲಿ ಕಾಲು ಮುರಿದ ಕುರ್ಚಿಗಳ ರಾಶಿ. ಅಧಿಕಾರಿ ಸ್ಕೇಲಕ್ಕನ ವಯಸ್ಸಿನ ಹೆಂಗಸು, ಕೆಮ್ಮಿನ ಮಾತ್ರೆ ಚೀಪುತ್ತ, ಎದುರಿದ್ದವರನ್ನೆಲ್ಲ ಒಂದೇ ಬೇಸರದಿಂದ ನೋಡುತ್ತಿದ್ದಳು. ಯಜಮಾನರು ಕೈ ಮುಗಿದು, ಪ್ರಕೃತಿಯ ಮೇಲೆ ತಮಗಿರುವ ಪ್ರೀತಿಯ ಬಗ್ಗೆ ಐದು ನಿಮಿಷ ತಿಪ್ಪೆ ಸಾರಿಸಿ, ಪತ್ರವನ್ನು ಮುಂದಿಟ್ಟರು. "ನಮ್ಮ ಹುಡುಗಿಯಿಂದ ಒಂದು ಸಣ್ಣ ತಪ್ಪಾಗಿದೆ ಮೇಡಂ. ಅಂಕಿ ತಪ್ಪು." ನಲವತ್ತೇಳು ವರ್ಷದ ಹುಡುಗಿ ಪಕ್ಕದಲ್ಲಿ ಸ್ಕೇಲು ಹಿಡಿದು ಕೂತಿದ್ದಳು.

"ಇದಕ್ಕೆ ಸಹಿ ಇಲ್ವಲ್ಲ," ಎಂದಳು ಅಧಿಕಾರಿ.

"ಈಗ ಹಾಕ್ತಾರೆ ಮೇಡಂ." ಯಜಮಾನರು ತಮ್ಮ ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು.

ಸ್ಕೇಲಕ್ಕ ಪೆನ್ನು ತೆಗೆದುಕೊಂಡಳು. ಸಹಿ ಹಾಕಿದರೆ ಎರಡು ಕಿಟಕಿ, ಬೆಳಗಿನ ಬಿಸಿಲು, ತನ್ನದೇ ಬೀಗದ ಕೈ. ಹಾಕದಿದ್ದರೆ ಪಾತ್ರೆ ತೊಳೆಯುವ ಕಟ್ಟೆ, ಸಾಯುವವರೆಗೆ. ಅವಳಿಗೆ ಅಳು ಬರುವಷ್ಟು ಆಸೆಯಾಯಿತು. ಕಪ್ಪೆಗಳ ಮೇಲೆ, ನೀರುಕೋಳಿಗಳ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಆ ಕಾಗದದಲ್ಲಿ ಬರೆದ ಹಾಗೆ ಗೆರೆ ಎಳೆದರೆ, ಮೊಣಕಾಲು ಮುಳುಗಿದ ಜಾಗವನ್ನು ಗಟ್ಟಿ ನೆಲ ಎಂದು ತನ್ನ ಕೈಯೇ ಬರೆಯಬೇಕು. ಅಣ್ಣನ ಒಲೆಯನ್ನು ಅದರ ಮೇಲಿಡಬೇಕು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಅಂಕಿ ತಪ್ಪಿಲ್ಲ ಮೇಡಂ. ನಾನು ಹೋಗಿ ನೋಡಿದೀನಿ, ಗೂಟ ಇರೋ ಕಡೆಯೇ ಒದ್ದೆ ನೆಲದ ಅಂಚು. ನಿಮ್ಮ ಪತ್ರದ ಒಂಬತ್ತನೇ ಪುಟ. ಬೇಕಾದ್ರೆ ಸರ್ವೇಯರನ್ನೇ ಕೇಳಿ."

ಯಜಮಾನರ ಮುಖ ಹುಳ್ಳಗಾಯಿತು. ಅಧಿಕಾರಿ ಬಿಳಿ ಶೂ ಕಡೆ ತಿರುಗಿದಳು. "ಏನ್ರೀ, ಗೂಟ ಎಲ್ಲ ನೀವೇ ಇಳಿದು ನೆಟ್ಟಿದ್ದಾ?"

ಬಿಳಿ ಶೂ ಯಜಮಾನರನ್ನು ನೋಡಿದ, ಪ್ರಮಾಣಪತ್ರವನ್ನು ನೋಡಿದ, ಅಭ್ಯಾಸಬಲದಿಂದ ಬಗ್ಗಿ ಒಮ್ಮೆ ಶೂ ಒರೆಸಿದ. ಎದ್ದು ನಿಂತಾಗ ಎದೆ ಉಬ್ಬಿತ್ತು. "ಒಂದೊಂದೂ ನಾನೇ ಮೇಡಂ. ಮೊಣಕಾಲು ಮಟ್ಟ."

ನಕ್ಷೆ ಆ ಗೆರೆಯ ಪ್ರಕಾರವೇ ಮಂಜೂರಾಯಿತು. ನಲವತ್ತೊಂದು ಮನೆ ಹೋದವು, ಮಾದರಿ ಮನೆಯನ್ನು ಕಾರಂಜಿ ಸಮೇತ ಕೆಡವಿಸಿದರು. ಎರಡೇ ತಿಂಗಳಲ್ಲಿ ಯಜಮಾನರು ಬಣ್ಣದ ಪುಸ್ತಕ ಅಚ್ಚು ಹಾಕಿಸಿ, ಜೌಗನ್ನು ತಾವೇ ಮನಸಾರೆ ಬಿಟ್ಟುಕೊಟ್ಟಿದ್ದಾಗಿ ಬರೆಸಿಕೊಂಡರು. ಅದರಲ್ಲಿ ಬಿಳಿ ಶೂವಿನ ಫೋಟೋ ಇತ್ತು, 'ಕೆಸರಿಗಂಜದ ನಮ್ಮ ಸರ್ವೇಯರ್' ಎಂದು. ಸ್ಕೇಲಕ್ಕನನ್ನು ಕೆಲಸದಿಂದ ತೆಗೆಯುವ ಎದೆಗಾರಿಕೆ ಯಜಮಾನರಿಗಿರಲಿಲ್ಲ, ಹಳೇ ನಕ್ಷೆಗಳೆಲ್ಲ ಎಲ್ಲಿವೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಅವಳ ಮೇಜನ್ನು ಕಕ್ಕಸಿನ ಪಕ್ಕಕ್ಕೆ ಹಾಕಿಸಿ ತೃಪ್ತಿಪಟ್ಟರು.

ಮನೆಯಲ್ಲಿ ಅತ್ತಿಗೆ ಮಾತು ಬಿಟ್ಟಳು. ಅಣ್ಣ ಬಿಡಲಿಲ್ಲ, ಆದರೆ ಪುಟ್ಟಿ ಎನ್ನುವುದನ್ನು ಬಿಟ್ಟ. ಹೊಸ ಪರದೆಗಳನ್ನು ಮುಂದಿನ ಕೋಣೆಯ ಎರಡು ಕಿಟಕಿಗೂ ಹಾಕಿದರು. ಅಳತೆ ಮೀರಿ ಉದ್ದವಾಗಿ ನೆಲಕ್ಕೆ ಬಿದ್ದು ಗುಡಿಸುತ್ತಿದ್ದವು. ಸ್ಕೇಲಕ್ಕ ಹಿಂದಿನ ಕೋಣೆಯಲ್ಲಿ ಕೂತು ತನ್ನ ಆ ಒಂದು ನಕ್ಷೆಯನ್ನು ಮಡಚಿ, ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅವತ್ತು ಅತ್ತಳು ಕೂಡ.

ಮರುವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಅಣ್ಣ ಹಿತ್ತಲ ಬಾಗಿಲಿನಿಂದ ಬಂದ ಸದ್ದಾಯಿತು. ಅವಳು ಕಿಟಕಿ ತೆರೆದಳು. ನಲ್ಲಿಯ ಕೆಳಗೆ ಅವನು ಪ್ಯಾಂಟು ಮಡಚಿ ನಿಂತಿದ್ದ. ಎರಡೂ ಕಾಲು ಕಪ್ಪು ಕೆಸರು, ಒಂದರಲ್ಲಿ ಮಾತ್ರ ಶೂ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಎಲ್ಲಿಗೆ ಹೋಗಿದ್ದ ಎಂದು ಕೇಳಬೇಕಾಗಿರಲಿಲ್ಲ. ಒಂದು ವರ್ಷದಿಂದ ಕೂಡಿಟ್ಟ ಮಾತೆಲ್ಲ ಅವಳ ನಾಲಿಗೆಯ ತುದಿಗೆ ಬಂತು. ಎಲ್ಲರೂ ದಡ್ಡರು, ನಾನೊಬ್ಬಳೇ ಸರಿ ಎಂದು ಅವನ ಮಾತನ್ನು ಅವನಿಗೇ ತಿರುಗಿಸಬಹುದಿತ್ತು. ಅವನ ಬೋಳು ತಲೆ, ಬಗ್ಗಿದ ಬೆನ್ನು ಕಂಡು ಯಾಕೋ ಆ ಮಾತು ಬೇಡವಾಯಿತು.

"ಎಲ್ಲಿವರೆಗೆ ಹೋಯ್ತು?" ಎಂದು ಕೇಳಿದಳು.

ಅವನು ತಲೆ ಎತ್ತಲಿಲ್ಲ. "ಮೊಣಕಾಲು."

"ಹಾಗಾದ್ರೆ ಅಡುಗೆಮನೆಯಲ್ಲಿ ನಿಂತಿದ್ದೆ."

ಅಣ್ಣ ಬಗ್ಗಿ ಹಿಮ್ಮಡಿಯ ಕೆಸರು ಉಜ್ಜಿದ. ಆಮೇಲೆ, "ಒಂದು ಚೊಂಬು ನೀರು ಕೊಡು ಪುಟ್ಟೀ, ಈ ನಲ್ಲಿ ಸಾಲಲ್ಲ," ಎಂದ. ಅವಳು ಬಿಂದಿಗೆಯಿಂದ ನೀರು ತುಂಬಿ ಕಿಟಕಿಯಿಂದಲೇ ಕೊಟ್ಟಳು.